ಊಟದ ಹೆಸರು ಮತ್ತು ಗಡಿಯಾರದ ಮುಳ್ಳು

ಭೌತಶಾಸ್ತ್ರದ ಪಾಠ ಹೇಳುವವನಿಗೆ ಭಾಷೆಯ ವಿಚಾರದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಮ್ಮ ಶಾಸ್ತ್ರದಲ್ಲಿ ಶಬ್ದವೆಂದರೆ ಗಾಳಿಯಲ್ಲಿ ಹರಿಯುವ ಅಲೆ. ಅದರ ವೇಗವನ್ನೂ ಕಂಪನಸಂಖ್ಯೆಯನ್ನೂ ಅಳೆಯುತ್ತೇವೆಯೇ ಹೊರತು ಅದರ ಅರ್ಥದ ಗೊಡವೆಗೆ ಹೋಗುವುದಿಲ್ಲ. ಆದರೂ ಕೆಲವು ತಿಂಗಳಿಂದ ಒಂದು ಶಬ್ದಜಿಜ್ಞಾಸೆ ನನ್ನನ್ನು ಬಿಡದೆ ಹಿಡಿದಿದೆ. ಅದರ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮಿತ್ರರೊಬ್ಬರು ವೈದ್ಯರು. ಉನ್ನತ ವ್ಯಾಸಂಗಕ್ಕಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಹೊರಡುವ ಸಿದ್ಧತೆಯಲ್ಲಿರುವ ಅವರು, ಅಲ್ಲಿಯ ಆಸ್ಪತ್ರೆಗಳಿಗೆ ಬರುವವರಲ್ಲಿ ಅನೇಕರು ಸ್ಪ್ಯಾನಿಷ್ ಮಾತನಾಡುವವರೆಂದು ತಿಳಿದು, ಆ ಭಾಷೆಯನ್ನು ಕಲಿಯತೊಡಗಿದರು. ಮೂರನೆಯ ಪಾಠದಲ್ಲಿಯೇ ತೊಡಕು ಎದುರಾಯಿತು. ಒಂದು ಪುಸ್ತಕ ಮಧ್ಯಾಹ್ನದ ಊಟಕ್ಕೆ ‘ಕೊಮಿದಾ’ ಎನ್ನುತ್ತದೆ. ಇನ್ನೊಂದು ‘ಅಲ್ಮುವೆರ್ಸೊ’ ಎನ್ನುತ್ತದೆ. ಮೂರನೆಯದು ‘ಕೊಮಿದಾ’ ಎಂದರೆ ರಾತ್ರಿಯ ಊಟವೆಂದು ಬರೆಯುತ್ತದೆ. ಒಂದು ಸಂಜೆ ಮೂರು ಪುಸ್ತಕಗಳನ್ನೂ ನನ್ನ ಮೇಜಿನ ಮೇಲೆ ಹರಡಿ, “ಮೇಷ್ಟ್ರೇ, ನೀವು ಅಳತೆಯ ಜನ. ಇವುಗಳಲ್ಲಿ ಸರಿ ಯಾವುದು, ತಪ್ಪು ಯಾವುದು, ಹೇಳಿ ನೋಡೋಣ” ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ: ಮೂರೂ ಸರಿ, ತಪ್ಪಿರುವುದು ಪ್ರಶ್ನೆಯಲ್ಲಿ. ಇದನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಸ್ಪ್ಯಾನಿಷ್ ಸುಮಾರು ೫೦ ಕೋಟಿ ಜನರ ಮಾತೃಭಾಷೆ. ೨೦ ದೇಶಗಳಲ್ಲಿ ರಾಜ್ಯವ್ಯವಹಾರದ ಭಾಷೆ. ಇಷ್ಟು ವಿಶಾಲವಾಗಿ ಹಬ್ಬಿದ್ದರೂ ಅದರ ವ್ಯಾಕರಣ ಬಹುಮಟ್ಟಿಗೆ ಒಂದೇ ಆಗಿ ಉಳಿದಿದೆ. ಮ್ಯಾಡ್ರಿಡ್ಡಿನಲ್ಲಿ ಅಚ್ಚಾದ ಪತ್ರಿಕೆಯನ್ನು ಪೆರು ದೇಶದ ಲಿಮಾ ನಗರದವನು ತಡವರಿಸದೆ ಓದಬಲ್ಲನು. ಆದರೆ ಅಡುಗೆಮನೆಯ ಹೊಸ್ತಿಲು ದಾಟಿದೊಡನೆ ಈ ಐಕ್ಯ ಸಡಿಲವಾಗುತ್ತದೆ. ಬೆಳಗಿನ ಉಪಾಹಾರಕ್ಕೆ ‘ದೆಸಾಯುನೊ’ ಎಂಬ ಹೆಸರು ಎಲ್ಲೆಡೆಯೂ ನಡೆಯುತ್ತದೆ. ರಾತ್ರಿಯ ‘ಸೆನಾ’ ಎಂದರೆ ಏನೆಂದು ಎಲ್ಲರೂ ಬಲ್ಲರು. ಇವೆರಡರ ನಡುವಿನ ಹೊತ್ತುಗಳಿಗೆ ಹೆಸರು ಹೇಳುವಾಗಲೇ ಊರಿಗೊಂದು ಮಾತು.

ಸ್ಪೇನಿನ ಒಳಗೇ ನೋಡಿರಿ. ಮ್ಯಾಡ್ರಿಡ್ಡಿನಲ್ಲಿ ಗಡಿಯಾರ ಎರಡು ಬಾರಿಸಿದ ಮೇಲೆ ಮಾಡುವ ದೊಡ್ಡ ಊಟ ‘ಕೊಮಿದಾ’. ದಕ್ಷಿಣದ ಆಂಡಲೂಸಿಯದಲ್ಲಿ ಅದೇ ಊಟಕ್ಕೆ ‘ಅಲ್ಮುವೆರ್ಸೊ’ ಎಂಬ ಹೆಸರುಂಟು. ಪೂರ್ವದ ಕಡಲತೀರದ ವೆಲೆನ್ಸಿಯಕ್ಕೆ ಹೋದರೆ ‘ಅಲ್ಮುವೆರ್ಸೊ’ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಸರಿದುಬಿಡುತ್ತದೆ. ಕೆಲಸಗಾರರು ಕೈಯಲ್ಲಿದ್ದುದನ್ನು ಬಿಟ್ಟು ಕುಳಿತು, ಉದ್ದನೆಯ ರೊಟ್ಟಿಯನ್ನು ಸೀಳಿ ಒಳಗೆ ಮೊಟ್ಟೆಯ ಪದಾರ್ಥವನ್ನೋ ಮಾಂಸವನ್ನೋ ತುಂಬಿ ತಿನ್ನುವ ಹೊತ್ತು ಅದು. ಅವರ ‘ಕೊಮಿದಾ’ ಇನ್ನೂ ನಾಲ್ಕು ಗಂಟೆಗಳಷ್ಟು ದೂರವಿರುತ್ತದೆ.

ಅಟ್ಲಾಂಟಿಕ್ ಸಾಗರವನ್ನು ದಾಟೋಣ. ಮೆಕ್ಸಿಕೊದಲ್ಲಿ ದಿನದ ದೊಡ್ಡ ಊಟವಾದ ‘ಕೊಮಿದಾ’ ಎರಡರಿಂದ ನಾಲ್ಕು ಗಂಟೆಯ ಒಳಗೆ. ಅಲ್ಲಿ ಅನೇಕರಿಗೆ ‘ಅಲ್ಮುವೆರ್ಸೊ’ ಎಂದರೆ ಹೊತ್ತೇರಿದ ಮೇಲೆ, ಮಧ್ಯಾಹ್ನಕ್ಕೆ ಮುಂಚೆ ತಿನ್ನುವುದು. ಕೊಲಂಬಿಯದ ಬೊಗೊಟಾ ನಗರದಲ್ಲಿ ಹನ್ನೆರಡೂವರೆಯ ಊಟವೇ ‘ಅಲ್ಮುವೆರ್ಸೊ’. ‘ಕೊಮಿದಾ’ ಎಂಬುದು ರಾತ್ರಿಯ ಪಾಲಿಗೆ ಬಂದಿದೆ. ಪೆರು, ಅರ್ಜೆಂಟೀನಗಳಲ್ಲಿ ಮಧ್ಯಾಹ್ನ ‘ಅಲ್ಮುವೆರ್ಸೊ’, ರಾತ್ರಿ ‘ಸೆನಾ’. ಸ್ಪೇನಿನ ಮಕ್ಕಳು ಶಾಲೆಯಿಂದ ಬಂದು ತಿನ್ನುವ ಸಂಜೆಯ ತಿಂಡಿ ‘ಮೆರಿಯೆಂದಾ’. ಎಕ್ವಡಾರಿನಲ್ಲಿ ಅದೇ ಮಾತು ರಾತ್ರಿಯ ಊಟವನ್ನು ಸೂಚಿಸುತ್ತದೆ.

ತಿಂಡಿಗಳ ಹೆಸರುಗಳಂತೂ ಇನ್ನೂ ವಿನೋದಕರ. ಕೊಲಂಬಿಯದ ಮೆದೆಯಿನ್ ನಗರದ ಕಡೆ ಅಪರಾಹ್ನದ ತಿಂಡಿಗೆ ‘ಆಲ್ಗೊ’ ಎಂದು ಹೆಸರು. ಆ ಮಾತಿಗೆ ‘ಏನೋ ಒಂದು’ ಎಂದಷ್ಟೇ ಅರ್ಥ. ಇಂಗ್ಲಿಷಿನ ‘ಲಂಚ್’ ಸ್ಪ್ಯಾನಿಷಿನಲ್ಲಿ ‘ಲೋಂಚೆ’ ಆಗಿ, ಮೆಕ್ಸಿಕೊದಲ್ಲಿ ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಗೂ, ಪೆರುವಿನಲ್ಲಿ ಸಂಜೆಯ ಚಹಾ ರೊಟ್ಟಿಗಳಿಗೂ ಹೆಸರಾಗಿದೆ. ಲಂಡನ್ನಿನ ಮಧ್ಯಾಹ್ನ ಲಿಮಾದಲ್ಲಿ ಸಂಜೆಯಾದ ಹಾಗಾಯಿತು! ನಮ್ಮ ನಾಡಿನಲ್ಲಿಯೂ ಒಂದು ಜಿಲ್ಲೆಯ ತಿಂಡಿ ಇನ್ನೊಂದು ಜಿಲ್ಲೆಯಲ್ಲಿ ನಾಷ್ಟಾ ಆಗುವುದನ್ನು ಬಲ್ಲ ವಾಚಕರಿಗೆ ಇದು ತೀರ ಅಪರಿಚಿತವಾಗಿ ತೋರಲಾರದು. ಆದರೆ ನಮ್ಮಲ್ಲಿ ಹೆಸರು ಬದಲಾದರೂ ಹೊತ್ತು ಬದಲಾಗುವುದಿಲ್ಲ. ಅಲ್ಲಿಯಾದರೋ ಹೆಸರು ಹಾಗೆಯೇ ಇದ್ದು ಹೊತ್ತು ಬದಲಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಇದೆಲ್ಲ ಬರಿಯ ಅರಾಜಕತೆಯೆ? ಹಾಗೆ ತೀರ್ಮಾನಿಸುವ ಮೊದಲು ಈ ಮಾತುಗಳ ಒಡಲಲ್ಲಿ ಏನಿದೆಯೆಂದು ನೋಡಬೇಕು. ‘ದೆಸಾಯುನೊ’ ಎಂದರೆ ಉಪವಾಸವನ್ನು ಮುರಿಯುವುದು. ‘ಅಲ್ಮುವೆರ್ಸೊ’ ಹುಟ್ಟಿದ್ದು ಕಚ್ಚುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಅದರ ಮೊದಲಿನ ‘ಅಲ್’ ಅರಬ್ಬೀ ಭಾಷೆಯ ಸಂಪರ್ಕದ ಗುರುತು. ‘ಕೊಮಿದಾ’ ಎಂದರೆ ತಿಂದದ್ದು, ತಿನ್ನುವಂಥದು. ಅದರ ಮೂಲವಾದ ‘ಎಡೆರೆ’ ಎಂಬ ಲ್ಯಾಟಿನ್ ಕ್ರಿಯಾಪದವೂ ಸಂಸ್ಕೃತದ ‘ಅದ್’ ಧಾತುವೂ ಒಂದೇ ಕುಲದವು. ನಾವು ದಿನವೂ ಆಡುವ ‘ಅನ್ನ’ ಆ ಧಾತುವಿನಿಂದಲೇ ಬಂದುದು. ತಿನ್ನತಕ್ಕದ್ದೆಲ್ಲಕ್ಕೂ ಹೆಸರಾಗಿದ್ದ ಅನ್ನ ಕನ್ನಡದಲ್ಲಿ ಬೆಂದ ಅಕ್ಕಿಗೆ ಮೀಸಲಾದಂತೆ, ಆಹಾರಕ್ಕೆಲ್ಲ ಹೆಸರಾದ ‘ಕೊಮಿದಾ’ ಮ್ಯಾಡ್ರಿಡ್ಡಿನಲ್ಲಿ ಒಂದು ಊಟಕ್ಕೂ ಬೊಗೊಟಾದಲ್ಲಿ ಮತ್ತೊಂದು ಊಟಕ್ಕೂ ವಿಶೇಷನಾಮವಾಯಿತು. ‘ಮೆರಿಯೆಂದಾ’ ಲ್ಯಾಟಿನ್ನಿನ ಗಳಿಸು, ಅರ್ಹವಾಗು ಎಂಬ ಧಾತುವಿನಿಂದ ಬಂದುದು: ದುಡಿದವನಿಗೆ ಸಲ್ಲಬೇಕಾದ ತುತ್ತು.

ಇವುಗಳಲ್ಲಿ ಯಾವುದರಲ್ಲಿಯೂ ಗಂಟೆಯ ಸುಳಿವಿಲ್ಲವೆಂಬುದನ್ನು ಗಮನಿಸಬೇಕು. ಗಂಟೆಯನ್ನು ಹೆಸರಿನಲ್ಲಿಯೇ ಹೊತ್ತ ಒಂದು ಮಾತು ಉಂಟು. ಅದು ‘ಓನ್ಸೆ’, ಅಂದರೆ ಹನ್ನೊಂದು. ಹಿಂದೆ ಸ್ಪೇನಿನಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದ ಅಲ್ಪಾಹಾರಕ್ಕೆ ಆ ಹೆಸರಿತ್ತು. ಇಂದು ಚಿಲಿ ದೇಶದಲ್ಲಿ ‘ಓನ್ಸೆ’ಯ ಹೊತ್ತು ಸಂಜೆ ಐದು, ಆರು, ಏಳು ಗಂಟೆ! ಚಹಾ, ರೊಟ್ಟಿ, ಬೆಣ್ಣೆಹಣ್ಣಿನ ತಿರುಳು, ಇಷ್ಟಾದರೆ ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟವೂ ಅದೇ. ಈ ವಿಚಿತ್ರವನ್ನು ವಿವರಿಸಲು ಅಲ್ಲಿಯ ಜನ ಒಂದು ಕಥೆ ಹೇಳುತ್ತಾರೆ. ‘ಅಗ್ವಾರ್ದಿಯೆಂತೆ’ ಎಂಬ ಮದ್ಯದ ಹೆಸರಿನಲ್ಲಿ ಸ್ಪ್ಯಾನಿಷ್ ಲಿಪಿಯ ಹನ್ನೊಂದು ಅಕ್ಷರಗಳಿವೆ. ಕುಡಿಯಲು ಹೋಗುವವರು ಗುಟ್ಟಾಗಿ ‘ಹನ್ನೊಂದಕ್ಕೆ ಹೋಗುತ್ತೇವೆ’ ಎನ್ನುತ್ತಿದ್ದರಂತೆ. ಅಕ್ಷರದ ಲೆಕ್ಕ ಸರಿಯಾಗಿದೆ, ಕಥೆ ಸ್ವಾರಸ್ಯವಾಗಿದೆ. ಆದರೆ ಹನ್ನೊಂದು ಗಂಟೆಯ ಹಳೆಯ ವಾಡಿಕೆಯೇ ನಂಬಲು ಸುಲಭ. ಅಂತೂ, ಗಂಟೆಯನ್ನು ಹೇಳಿಕೊಂಡ ಒಂದೇ ಒಂದು ಹೆಸರು ತನ್ನ ಗಂಟೆಯಿಂದ ಎಲ್ಲಕ್ಕಿಂತ ದೂರ ಸರಿದಿದೆ.

ಹೆಸರುಗಳು ಸರಿದುವೆಂಬುದಕ್ಕೆ ಸಾಕ್ಷ್ಯವುಂಟು. ಫಿಲಿಪ್ಪೀನ್ಸ್ ದ್ವೀಪಗಳು ೧೫೬೫ರಿಂದ ೧೮೯೮ರವರೆಗೆ ಸ್ಪೇನಿನ ಆಳ್ವಿಕೆಯಲ್ಲಿದ್ದುವು. ಅಲ್ಲಿಯ ತಗಾಲೊಗ್ ಭಾಷೆಯಲ್ಲಿ ಇಂದಿಗೂ ಬೆಳಗಿನ ಉಪಾಹಾರಕ್ಕೆ ‘ಅಲ್ಮುಸಾಲ್’ ಎನ್ನುತ್ತಾರೆ. ಅದು ‘ಅಲ್ಮುವೆರ್ಸೊ’ವಿನ ಮನೆತನದ್ದೇ. ಬಂಡೆಯ ಪದರದಲ್ಲಿ ಉಳಿದ ಶಂಖದಿಂದ ಒಂದು ಕಾಲಕ್ಕೆ ಅಲ್ಲಿ ಸಮುದ್ರವಿತ್ತೆಂದು ಭೂಶಾಸ್ತ್ರಜ್ಞರು ಊಹಿಸುವಂತೆ, ‘ಅಲ್ಮುವೆರ್ಸೊ’ ಒಂದು ಕಾಲಕ್ಕೆ ಬೆಳಗಿನದಾಗಿತ್ತೆಂದು ಈ ಮಾತಿನಿಂದ ಊಹಿಸಬಹುದು. ನೆರೆಯ ಫ್ರಾನ್ಸಿನಲ್ಲಿಯೂ ಹೀಗೆಯೇ ನಡೆದಿದೆ. ಉಪವಾಸ ಮುರಿಯುವುದೆಂಬ ಅರ್ಥದ ‘ದೆಜ್ಯೂನೆ’ ಪ್ಯಾರಿಸಿನಲ್ಲಿ ಮಧ್ಯಾಹ್ನಕ್ಕೆ ಜಾರಿತು. ಬೆಲ್ಜಿಯಂ, ಕೆನಡದ ಕ್ವೆಬೆಕ್ ಮೊದಲಾದೆಡೆ ಫ್ರೆಂಚ್ ಆಡುವವರಲ್ಲಿ ಅದಿನ್ನೂ ಬೆಳಗಿನಲ್ಲಿಯೇ ಉಳಿದಿದೆ.

ಇನ್ನು ನನ್ನ ಶಾಸ್ತ್ರಕ್ಕೆ ಸೇರಿದ ವಿಷಯಕ್ಕೆ ಬರುತ್ತೇನೆ. ಗಡಿಯಾರದಲ್ಲಿ ಎರಡು ಗಂಟೆಯಾಯಿತೆಂದರೆ ಏನರ್ಥ? ಭೂಮಿ ೨೪ ಗಂಟೆಗಳಲ್ಲಿ ೩೬೦ ಅಂಶ ತಿರುಗುವುದರಿಂದ ಒಂದು ಅಂಶಕ್ಕೆ ನಾಲ್ಕು ನಿಮಿಷ. ಮ್ಯಾಡ್ರಿಡ್ ಗ್ರೀನಿಚ್ಚಿನಿಂದ ಪಶ್ಚಿಮಕ್ಕೆ ಸುಮಾರು ೩.೭ ಅಂಶಗಳಷ್ಟು ದೂರದಲ್ಲಿದೆ. ಆದುದರಿಂದ ಅಲ್ಲಿ ಸೂರ್ಯನು ನೆತ್ತಿಯ ರೇಖೆಗೆ ಬರುವುದು ಗ್ರೀನಿಚ್ಚಿಗಿಂತ ೧೫ ನಿಮಿಷ ತಡವಾಗಿ. ಆದರೆ ೧೯೪೦ರ ಮಾರ್ಚಿಯಲ್ಲಿ ಸ್ಪೇನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯೂರೋಪಿನ ಕಾಲವನ್ನು ಹಿಡಿಯಿತು. ಮರಳಿ ಹಿಂದಕ್ಕೆ ಬರಲಿಲ್ಲ. ಹೀಗಾಗಿ ಚಳಿಗಾಲದಲ್ಲಿ ಮ್ಯಾಡ್ರಿಡ್ಡಿನ ನಿಜವಾದ ನಡುಹಗಲು ಸರಾಸರಿ ೧ ಗಂಟೆ ೧೫ ನಿಮಿಷಕ್ಕೆ. ಬೇಸಗೆಯಲ್ಲಿ ಮುಳ್ಳನ್ನು ಇನ್ನೊಂದು ಗಂಟೆ ಮುಂದೂಡುವುದರಿಂದ ೨ ಗಂಟೆ ೧೫ ನಿಮಿಷಕ್ಕೆ. ಬೇಸಗೆಯಲ್ಲಿ ಎರಡೂವರೆಗೆ ‘ಕೊಮಿದಾ’ಕ್ಕೆ ಕುಳಿತವನು ಸೂರ್ಯನ ಲೆಕ್ಕದಲ್ಲಿ ಹನ್ನೆರಡೂ ಕಾಲಿಗೆ ಕುಳಿತಂತಾಯಿತು. ಬೊಗೊಟಾದಲ್ಲಿಯಾದರೆ ಗಡಿಯಾರಕ್ಕೂ ಸೂರ್ಯನಿಗೂ ನಾಲ್ಕು ನಿಮಿಷದ ಅಂತರವೂ ಇಲ್ಲವೆನ್ನಬಹುದು. ಅಲ್ಲಿಯ ಹನ್ನೆರಡೂವರೆಯ ‘ಅಲ್ಮುವೆರ್ಸೊ’ ಸೂರ್ಯನಿಗೂ ಹನ್ನೆರಡೂವರೆಯೇ. ಸ್ಪೇನಿನವರು ಬಹಳ ತಡಮಾಡಿ ಉಣ್ಣುತ್ತಾರೆಂದು ಪ್ರವಾಸಿಗಳು ಬೆರಗಾಗುವುದುಂಟು. ಆ ತಡದಲ್ಲಿ ಒಂದು ಪಾಲು ಹೊಟ್ಟೆಯದಲ್ಲ, ಗಡಿಯಾರದ್ದು.

ಒಂದು ಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಮೆಕ್ಸಿಕೊ ನಗರದಲ್ಲಿ ನಡುಹಗಲು ಗಡಿಯಾರದ ೧೨ ಗಂಟೆ ೩೬ ನಿಮಿಷಕ್ಕೆ. ೨೦೨೨ರಲ್ಲಿ ಆ ದೇಶ ಬಹುಪಾಲು ಕಡೆ ಬೇಸಗೆಯ ಕಾಲಬದಲಾವಣೆಯನ್ನೂ ಕೈಬಿಟ್ಟಿತು. ಆದರೂ ಅಲ್ಲಿ ‘ಕೊಮಿದಾ’ ಮೂರು ಗಂಟೆಗಾದರೆ ಸೂರ್ಯನ ಲೆಕ್ಕದಲ್ಲಿ ಎರಡು ಗಂಟೆ ೨೪ ನಿಮಿಷ. ಇದು ಗಡಿಯಾರದ ಮಾಯೆಯಲ್ಲ, ನಿಜವಾಗಿಯೂ ತಡವಾದ ಊಟ. ಹಾಗಾದರೆ ಮುಂಜಾನೆಯ ‘ದೆಸಾಯುನೊ’ವಿಗೂ ಇದಕ್ಕೂ ನಡುವೆ ಏಳೆಂಟು ಗಂಟೆಗಳ ಬಿಡುವು ಬೀಳುತ್ತದೆ. ದುಡಿಯುವ ಮೈ ಅಷ್ಟು ಹೊತ್ತು ಸುಮ್ಮನಿರದು. ಆ ಬಿಡುವಿನಲ್ಲಿ ‘ಅಲ್ಮುವೆರ್ಸೊ’ ಬಂದು ನಿಲ್ಲುತ್ತದೆ. ಬೊಗೊಟಾದಲ್ಲಿ ಅಂಥ ಬಿಡುವಿಲ್ಲ. ಆದುದರಿಂದ ‘ಅಲ್ಮುವೆರ್ಸೊ’ ನಡುಹಗಲಿನ ಊಟವೇ ಆಗಿ, ‘ಕೊಮಿದಾ’ ಸಂಜೆಯ ಕಡೆಗೆ ಸರಿದಿದೆ.

ನಾನು ಹೇಳಬೇಕೆಂದಿರುವ ಮುಖ್ಯಾಂಶ ಇದು. ಊಟದ ಹೆಸರು ಒಂದು ಗಂಟೆಯ ಹೆಸರಲ್ಲ, ಒಂದು ಪದಾರ್ಥದ ಹೆಸರೂ ಅಲ್ಲ. ದಿನದ ಸಾಲಿನಲ್ಲಿ ಒಂದು ಸ್ಥಾನದ ಹೆಸರು. ಸರಪಣಿಯ ಒಂದು ಕೊಂಡಿಯನ್ನು ಎಳೆದರೆ ಉಳಿದ ಕೊಂಡಿಗಳೂ ಜರುಗುವಂತೆ, ದುಡಿಮೆಯ ಹೊತ್ತು ಬದಲಾದಾಗ ಒಂದು ಊಟ ಜರುಗುತ್ತದೆ, ಅದರೊಡನೆ ಹೆಸರುಗಳೂ ಜರುಗುತ್ತವೆ. ಯಾವ ಊರಿನ ಸರಪಣಿಯೂ ಸುಳ್ಳಲ್ಲ. ಒಂದು ಊರಿನ ಸಾಲಿನಿಂದ ಒಂದು ಮಾತನ್ನು ಕಿತ್ತು, ಇನ್ನೊಂದು ಊರಿನ ಸಾಲಿನ ಪಕ್ಕದಲ್ಲಿಟ್ಟು, ‘ಇದು ತಪ್ಪು’ ಎನ್ನುವುದು ಮಾತ್ರ ತಪ್ಪು.

ಇದಕ್ಕೆ ಆಕ್ಷೇಪವಿಲ್ಲದೆ ಇಲ್ಲ. ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿ ೧೭೧೩ರಲ್ಲಿ ಸ್ಥಾಪಿತವಾದುದು. ಭಾಷೆಯನ್ನು ಶುದ್ಧಗೊಳಿಸಿ, ಸ್ಥಿರಗೊಳಿಸಿ, ಬೆಳಗಿಸುವುದು ಅದರ ಧ್ಯೇಯವಾಕ್ಯದ ತಾತ್ಪರ್ಯ. ಇಷ್ಟೊಂದು ದೇಶಗಳ ಭಾಷೆ ಹರಿದುಹೋಗದಿರಬೇಕಾದರೆ ಒಂದೇ ಮಾದರಿ ಬೇಡವೆ ಎಂದು ಕೇಳುವವರಿದ್ದಾರೆ. ಚಲನಚಿತ್ರಗಳಿಗೆ ಸ್ಪ್ಯಾನಿಷ್ ಮಾತು ಜೋಡಿಸುವವರು ಯಾವ ದೇಶಕ್ಕೂ ಸೇರದ ಒಂದು ‘ತಟಸ್ಥ’ ಸ್ಪ್ಯಾನಿಷನ್ನೇ ರೂಢಿಸಿಕೊಂಡಿದ್ದಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಪಠ್ಯಪುಸ್ತಕಕ್ಕೂ ಕಾಯಿದೆಗೂ ಒಂದು ಸಾಮಾನ್ಯ ಮಾದರಿ ಬೇಕು. ನನ್ನ ತರಗತಿಯಲ್ಲಿ ‘ಬಲ’, ‘ಶಕ್ತಿ’, ‘ಸಾಮರ್ಥ್ಯ’ ಎಂಬ ಮಾತುಗಳನ್ನು ಒಂದರ ಬದಲು ಒಂದು ಬಳಸಿದ ವಿದ್ಯಾರ್ಥಿಗೆ ನಾನು ಅಂಕ ಕೊಡಲಾರೆ. ಆದರೆ ಅದೇ ವಿದ್ಯಾರ್ಥಿ ಮನೆಗೆ ಹೋಗಿ ‘ಜ್ವರ ಬಂದು ಮೈಯಲ್ಲಿ ಶಕ್ತಿಯೇ ಇಲ್ಲ’ ಎಂದರೆ ಅವನನ್ನು ತಿದ್ದಲು ಹೋಗುವುದು ಮೂರ್ಖತನ. ಪ್ರಯೋಗಶಾಲೆಯ ಮಾತಿಗೆ ನಿಶ್ಚಿತಾರ್ಥವನ್ನು ನಾವೇ ಕಟ್ಟಿದ್ದೇವೆ. ಊಟದ ಮಾತಿಗೆ ಅರ್ಥ ಕಟ್ಟಿದವರು ಉಣ್ಣುವವರು. ಅಕಾಡೆಮಿಗಳೂ ಇದನ್ನು ಮನಗಂಡಿವೆ ಎನ್ನಬಹುದು. ೧೯೫೧ರಲ್ಲಿ ಮೆಕ್ಸಿಕೊದಲ್ಲಿ ರೂಪುಗೊಂಡ ಅಕಾಡೆಮಿಗಳ ಸಂಘವು ೨೦೧೦ರಲ್ಲಿ ಅಮೆರಿಕ ಖಂಡದ ಸ್ಪ್ಯಾನಿಷ್ ಮಾತುಗಳಿಗೆಂದೇ ಒಂದು ನಿಘಂಟನ್ನು ಹೊರತಂದಿತು. ಅಲ್ಲಿ ಪ್ರತಿ ಅರ್ಥದ ಪಕ್ಕದಲ್ಲಿಯೂ ಅದು ಯಾವ ದೇಶದ್ದೆಂದು ನಮೂದಿಸಿದೆ.

ಹಾಗಾದರೆ ಇದೆಲ್ಲ ಬಲ್ಲವರ ವಿನೋದವಷ್ಟೇ ಆಯಿತಲ್ಲ, ಬಿಟ್ಟುಬಿಡೋಣವೆಂದರೆ, ಬಿಡುವಂತಿಲ್ಲ. ೨೦೨೦ರ ಜನಗಣತಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ೬ ಕೋಟಿ ೨೧ ಲಕ್ಷ ಜನ ಹಿಸ್ಪಾನಿಕ್ ಮೂಲದವರೆಂದು ಲೆಕ್ಕವಾಯಿತು. ಅವರೆಲ್ಲರೂ ಒಂದೇ ದೇಶದಿಂದ ಬಂದವರಲ್ಲ. ನನ್ನ ಮಿತ್ರರ ಮುಂದೆ ನಾಳೆ ಮೂವರು ಮಧುಮೇಹಿಗಳು ಕುಳಿತಿದ್ದಾರೆನ್ನಿ. ಒಬ್ಬರು ಮೆಕ್ಸಿಕೊದವರು, ಒಬ್ಬರು ಬೊಗೊಟಾದವರು, ಇನ್ನೊಬ್ಬರು ಮೂರನೆಯ ಯಾವುದೋ ದೇಶದವರು. ‘ಇನ್ಸುಲಿನ್ನನ್ನು ಕೊಮಿದಾಕ್ಕೆ ಮುಂಚೆ ಇಷ್ಟು ಚುಚ್ಚಿಕೊಳ್ಳಿ’ ಎಂದು ಚೀಟಿ ಬರೆದುಕೊಟ್ಟರು. ಮೊದಲನೆಯವರು ಅಪರಾಹ್ನದ ದೊಡ್ಡ ಊಟಕ್ಕೆ ಮುಂಚೆ ಚುಚ್ಚಿಕೊಂಡಾರು. ಎರಡನೆಯವರು ರಾತ್ರಿಯ ಊಟಕ್ಕೆ ಮುಂಚೆ. ಮೂರನೆಯವರು ‘ಕೊಮಿದಾ’ ಎಂದರೆ ಆಹಾರವೆಂಬ ಸಾಮಾನ್ಯಾರ್ಥವನ್ನೇ ಹಿಡಿದು, ಒಂದು ಬಾರಿಗೆಂದು ಬರೆದ ಪ್ರಮಾಣವನ್ನು ದಿನಕ್ಕೆ ಮೂರು ಬಾರಿ ಚುಚ್ಚಿಕೊಂಡರೆ? ರಕ್ತದ ಸಕ್ಕರೆ ಮಿತಿಮೀರಿ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಪ್ರಾಣಕ್ಕೂ ಅಪಾಯವುಂಟು. ಮೂವರೂ ಅಕ್ಷರಸ್ಥರೇ, ಮೂವರೂ ಚೀಟಿಯನ್ನು ಸರಿಯಾಗಿಯೇ ಓದಿದರು. ತಪ್ಪನ್ನು ಯಾರ ಮೇಲೆ ಹೊರಿಸೋಣ?

ಆಹಾರ ಸಮೀಕ್ಷೆ ನಡೆಸುವವರಿಗೂ ಇದೇ ಗಂಡಾಂತರ. ‘ನಿನ್ನೆ ಅಲ್ಮುವೆರ್ಸೊ ಮಾಡಿದಿರಾ?’ ಎಂಬ ಪ್ರಶ್ನೆಗೆ ಮೆಕ್ಸಿಕೊದ ರೈತನು ‘ಇಲ್ಲ’ ಎಂದರೆ, ಅವನು ಮಧ್ಯಾಹ್ನ ಹಸಿದಿದ್ದನೆಂದು ಲೆಕ್ಕ ಬರೆದುಕೊಳ್ಳುವ ಸಂಭವವುಂಟು. ಅವನಾದರೋ ಮೂರು ಗಂಟೆಗೆ ಹೊಟ್ಟೆತುಂಬ ‘ಕೊಮಿದಾ’ ಮಾಡಿದ್ದಾನೆ! ಇಂಥ ಲೆಕ್ಕಗಳನ್ನು ಕೂಡಿಸಿ ಎಷ್ಟು ಸೂಕ್ಷ್ಮವಾದ ಗಣಿತವನ್ನು ಹೂಡಿದರೂ ಫಲವಿಲ್ಲ. ೧೯೯೯ರ ಸೆಪ್ಟೆಂಬರಿನಲ್ಲಿ ಮಂಗಳಗ್ರಹಕ್ಕೆ ಕಳುಹಿಸಿದ ಒಂದು ನೌಕೆ ನಾಶವಾಯಿತು. ಒಂದು ತಂಡ ಕೊಟ್ಟ ಸಂಖ್ಯೆಗಳು ಪೌಂಡಿನ ಮಾನದಲ್ಲಿದ್ದುವು. ಇನ್ನೊಂದು ತಂಡ ಅವು ನ್ಯೂಟನ್ ಮಾನದವೆಂದು ಭಾವಿಸಿತು. ಸಂಖ್ಯೆಗಳು ಸರಿಯಾಗಿದ್ದುವು, ಮಾನವನ್ನು ಯಾರೂ ವಿಚಾರಿಸಲಿಲ್ಲ. ಊಟದ ಹೆಸರನ್ನು ಬರೆದು ಗಂಟೆಯನ್ನು ಬರೆಯದೆ ಬಿಟ್ಟ ಔಷಧದ ಚೀಟಿ ಮಾನವಿಲ್ಲದ ಸಂಖ್ಯೆಯಂತೆಯೇ ಸರಿ.

ಪರಿಹಾರ ಕಠಿನವಾದುದೇನೂ ಅಲ್ಲ. ಅದನ್ನು ಭಾಷಾಶಾಸ್ತ್ರಜ್ಞರೇ ತೋರಿಸಿಕೊಟ್ಟಿದ್ದಾರೆ. ತೋಮಾಸ್ ನವಾರ್ರೊ ತೋಮಾಸ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಐಬೀರಿಯ ಪರ್ಯಾಯದ್ವೀಪದ ಭಾಷಾನಕ್ಷೆಗಾಗಿ ೧೯೩೧ರಲ್ಲಿ ಹಳ್ಳಿಹಳ್ಳಿಗಳ ಸಂಚಾರ ಆರಂಭವಾಯಿತು. ೧೯೩೬ರ ಅಂತರ್ಯುದ್ಧದಿಂದ ಕೆಲಸ ನಿಂತು, ಒಂದು ಸಂಪುಟ ಮಾತ್ರ ೧೯೬೨ರಲ್ಲಿ ಹೊರಬಂದಿತು. ಕೊಲಂಬಿಯ ದೇಶದ ನಕ್ಷೆ ೧೯೮೧ರಿಂದ ೧೯೮೩ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾಯಿತು. ಇಂಥ ನಕ್ಷೆಗಳನ್ನು ತಯಾರಿಸುವವರು ‘ಈ ಮಾತಿಗೆ ಏನರ್ಥ?’ ಎಂದು ಆರಂಭಿಸುವುದಿಲ್ಲ. ವಸ್ತುವನ್ನೋ ಸಂದರ್ಭವನ್ನೋ ಮುಂದಿಟ್ಟು ‘ಇದಕ್ಕೆ ನೀವು ಏನೆನ್ನುತ್ತೀರಿ?’ ಎಂದು ಕೇಳುತ್ತಾರೆ. ಪ್ರಶ್ನೆಯನ್ನು ಹೀಗೆ ತಿರುಗಿಸಿದಾಗ ವಸ್ತು ಸ್ಥಿರವಾಗಿ ನಿಂತು, ಹೆಸರು ಅದರ ಗುಣವಾಗುತ್ತದೆ. ಅಳತೆಯ ಕ್ರಮವೆಂದರೆ ಇದೇ ಅಲ್ಲವೆ? ವೈದ್ಯರೂ ಸಮೀಕ್ಷಕರೂ ‘ನೀವು ಯಾವ ಯಾವ ಗಂಟೆಗೆ ಏನೇನು ತಿನ್ನುತ್ತೀರಿ? ಅದಕ್ಕೆ ನಿಮ್ಮಲ್ಲಿ ಹೆಸರೇನು?’ ಎಂದು ಮೊದಲು ಕೇಳಿ, ಅನಂತರ ಆ ಹೆಸರಿನ ಜೊತೆಗೆ ಗಂಟೆಯನ್ನೂ ಸೇರಿಸಿ ಚೀಟಿ ಬರೆಯಲಿ. ಭಾಷೆಯನ್ನು ತಿದ್ದುವ ಶ್ರಮಕ್ಕಿಂತ ಇದು ಎಷ್ಟೋ ಅಲ್ಪ. ಇದರಿಂದ ಯಾರ ಮನೆಯ ಮಾತಿಗೂ ಅವಮಾನವಾಗುವುದಿಲ್ಲ.

ವಿಜ್ಞಾನವನ್ನು ಕಲಿತ ನಮಗೆ ಒಂದು ದುರಭ್ಯಾಸವುಂಟು. ನಿಶ್ಚಿತವಲ್ಲದುದನ್ನೆಲ್ಲ ದೋಷವೆಂದು ಎಣಿಸುತ್ತೇವೆ. ಉಪಕರಣದ ದೋಷವನ್ನೂ ವಸ್ತುವಿನ ನಿಜವಾದ ವೈವಿಧ್ಯವನ್ನೂ ಬೇರ್ಪಡಿಸುವುದೇ ಪ್ರಯೋಗದ ಮೊದಲ ಪಾಠವಾಗಿದ್ದರೂ, ಮನುಷ್ಯರ ವಿಷಯಕ್ಕೆ ಬಂದಾಗ ಅದನ್ನು ಮರೆಯುತ್ತೇವೆ. ‘ಕೊಮಿದಾ’ ಮ್ಯಾಡ್ರಿಡ್ಡಿನಲ್ಲಿ ಹಗಲು, ಬೊಗೊಟಾದಲ್ಲಿ ರಾತ್ರಿ ಆಗಿರುವುದು ಉಪಕರಣದ ದೋಷವಲ್ಲ. ಅಳೆಯಬೇಕಾದ ವಸ್ತುವೇ ಅದು.

ಮೊನ್ನೆ ನನ್ನ ಮಿತ್ರರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಮರುಮಾತಾಡದೆ ತಮ್ಮ ಟಿಪ್ಪಣಿ ಪುಸ್ತಕವನ್ನು ತೆರೆದು, ಸ್ಪ್ಯಾನಿಷ್ ಮಾತುಗಳ ಪಟ್ಟಿಯ ಪಕ್ಕದಲ್ಲಿ ಇನ್ನೆರಡು ಗೆರೆಗಳನ್ನು ಎಳೆದರು. ಒಂದು ಅಂಕಣಕ್ಕೆ ‘ಊರು’ ಎಂದೂ ಇನ್ನೊಂದಕ್ಕೆ ‘ಗಂಟೆ’ ಎಂದೂ ಶಿರೋನಾಮೆ ಬರೆದರು. ಎರಡೂ ಅಂಕಣಗಳು ಸದ್ಯಕ್ಕೆ ಬರಿದಾಗಿವೆ. ರೋಗಿಗಳನ್ನು ಕೇಳಿಯೇ ತುಂಬುವೆನೆಂದು ಹೇಳಿ ಹೊರಟರು.